ಬಿಳಿ ಕೆನ್ನೆಗೆ ಗುಳಿ

ಸಾಯುವ ಪಾತ್ರಕ್ಕೆ ಬಣ್ಣ ಹಚ್ಚುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಎಪ್ಪತ್ತರ ದಶಕದ ಕೊನೆಗೆ ನಾನು ಬಿ.ಎಸ್ಸಿ. ಮುಗಿಸಿ ಚನ್ನಗಿರಿಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಕೆಮಿಸ್ಟ್ರಿ ಓದಿದವನೆಂದು ನಮ್ಮ ನಾಟಕ ಸಂಘದವರು ಬಣ್ಣದ ಪೆಟ್ಟಿಗೆ ನನಗೆ ಒಪ್ಪಿಸಿದರು.

ನಾಯಕ ನನ್ನ ಗೆಳೆಯ, ಜವಳಿ ಅಂಗಡಿಯವರ ಮಗ. ಪರದೆ, ಲೈಟಿನ ಬಾಡಿಗೆ ಅವನದೇ. ಹಾಗಾಗಿ ಬೇರೆ ನಾಯಕನನ್ನು ಯಾರೂ ಹುಡುಕಲಿಲ್ಲ. ಕೊನೆಯ ದೃಶ್ಯದಲ್ಲಿ ಅವನು ಕ್ಷಯದಿಂದ ಸಾಯಬೇಕು. ಮುಖವೋ ಬೆಳ್ಳಗೆ, ದುಂಡಗೆ.

"ನಾನು ಸತ್ತಾಗ ಜನ ಅಳಬೇಕು ಕಣೋ. ಅಷ್ಟು ಮಾಡು ಸಾಕು" ಅಂದ.

ಆ ಕೆನ್ನೆ ಸೊರಗಿ ಗುಳಿ ಬಿದ್ದಂತೆ ಕಾಣಿಸುವ ಕಂದು ಬಣ್ಣ ಹುಡುಕುವುದು ನನ್ನ ಪಾಲಿಗೆ ಬಂತು.

೧. ಚನ್ನಗಿರಿ

ಮೊದಲ ಸಲ ಕಾವಿಮಣ್ಣನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಕೆನ್ನೆಮೂಳೆಯ ಕೆಳಗೆ ತೀಡಿದೆ. ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡಿತು. ರಂಗದ ಮೇಲೆ ಲೈಟು ಬಿದ್ದ ಕೂಡಲೇ ಎಣ್ಣೆ ಹೊಳೆಯಿತು. ಒಳಗೆ ಹೋಗಬೇಕಾದ ಕೆನ್ನೆ ಇನ್ನಷ್ಟು ಉಬ್ಬಿತು. ಅವನು ಕೆಮ್ಮಿ ಕೆಮ್ಮಿ ಪ್ರಾಣ ಬಿಡುತ್ತಿದ್ದ. ಮುಂದೆ ಕೂತಿದ್ದ ಅಜ್ಜಿ ಪಕ್ಕದವಳಿಗೆ ಹೇಳಿದಳು:

"ಇವನಿಗೇನಾಗೈತವ್ವಾ? ಈಗಷ್ಟೇ ಎಣ್ಣೆ-ನೀರು ಹಾಕ್ಕೊಂಡು ಬಂದ ಮದುಮಗನ ಹಂಗೆ ಅದಾನೆ."

೨. ಹೊನ್ನಾಳಿ

ಹೊಳಪು ಕೂಡದು ಎಂದು ಗೊತ್ತಾಯಿತು. ಒಣ ಪುಡಿಗಳನ್ನು ತಂದು ಒಂದೊಂದನ್ನೇ ನನ್ನ ಮುಂಗೈಗೆ ಹಚ್ಚಿ ನೋಡಿದೆ. ಇಟ್ಟಿಗೆ ಪುಡಿಯೇ ಸರಿ ಎನಿಸಿತು. ನನ್ನ ಕೈ ಕಪ್ಪು, ಅವನ ಕೆನ್ನೆ ಬಿಳುಪು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನನ್ನ ಮೇಲೆ ಕಂದಾಗಿದ್ದ ಪುಡಿ ಅವನ ಮೇಲೆ ಕೆಂಪಾಗಿ, ಎರಡೂ ಕೆನ್ನೆಯ ಮೇಲೆ ಏಟಿನ ಬೆರಳು ಮೂಡಿದಂತಾಯಿತು. ಹೆಂಡತಿಯ ಪಾತ್ರದವಳು ಹೆಣದ ಮೇಲೆ ಬಿದ್ದು ಗೋಳಾಡುವಾಗ ಹಿಂದಿನಿಂದ ಒಬ್ಬ ಕೂಗಿದ:

"ಇದು ಕ್ಷಯ ಅಲ್ಲ ಕಣ್ರೀ. ಹೊಡೆದು ಸಾಯಿಸಿ ಈಗ ಅಳಾಕೆ ಹತ್ಯಾಳೆ."

೩. ನ್ಯಾಮತಿ

ಹೊಳೆಯಬಾರದು, ಕೆಂಪಾಗಬಾರದು, ಬೆವರಿಗೆ ಇಳಿಯಬಾರದು. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರೆಂಬ ಕಂದು ರಸಕ್ಕೆ ಈ ಮೂರು ಗುಣವೂ ಇದ್ದವು. ಬೆಂದ ಅಡಿಕೆಗೆ ಬಣ್ಣ ಬರಲೆಂದು ಅದನ್ನು ಹಚ್ಚುತ್ತಾರೆ. ನಾನು ನೀರು ಬೆರೆಸಿ ಅವನಿಗೆ ಹಚ್ಚಿದೆ. ಕೆನ್ನೆ ನಿಜಕ್ಕೂ ಕುಸಿಯಿತು. ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು. ಎಷ್ಟು ಜನ ಅಳುತ್ತಿದ್ದಾರೆಂದು ನೋಡಲು ಹೆಣ ಒಂದು ಕಣ್ಣು ತೆರೆಯಿತು. ಅಲ್ಲಿಗೆ ಅಳು ಮುಗಿಯಿತು.

ಚರ್ಮ ಹದ ಮಾಡುವುದು ಟ್ಯಾನಿನ್ ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಚೊಗರಿನಲ್ಲಿರುವುದೂ ಅದೇ ಎಂಬುದು ಅವನು ಮುಖ ತೊಳೆಯಲು ಕೂತಾಗ ನೆನಪಾಯಿತು. ಸೋಪು ಸವೆಯಿತು, ಗುಳಿ ಹೋಗಲಿಲ್ಲ. ಮರುದಿನ ಅದೇ ಊರಲ್ಲಿ ಅವನಿಗೆ ಹೆಣ್ಣು ನೋಡುವ ಶಾಸ್ತ್ರವಿತ್ತು. ಹೆಣ್ಣಿನ ತಂದೆ ಉಪ್ಪಿಟ್ಟು ಕೊಟ್ಟು, ಕೆಮ್ಮು ಇದೆಯೇ ಎಂದು ಮೆಲ್ಲಗೆ ವಿಚಾರಿಸಿದರು. ಇವನು ಚೊಗರಿನ ಕಥೆಯನ್ನು ಇದ್ದದ್ದು ಇದ್ದಂತೆ ಹೇಳಿದ. ಅವರು ಇವನ ತಂದೆಯ ಕಡೆ ತಿರುಗಿದರು.

"ರೋಗ ಆದ್ರೆ ವಾಸಿ ಆಗ್ತೈತೆ ಯಜಮಾನ್ರೆ. ಮುಖಕ್ಕೆ ಚೊಗರು ಹಚ್ಕೊಳ್ಳೋನಿಗೆ ಹೆಣ್ಣು ಹೆಂಗೆ ಕೊಡಾಕೆ ಆಗ್ತೈತೆ?"

೪. ಜಗಳೂರು

ಆಮೇಲೆ ಅವನು ಸೋದರಮಾವನ ಅಂಗಡಿ ನೋಡಿಕೊಳ್ಳಲು ದಾವಣಗೆರೆಗೆ ಹೋದ. ಬಹಳ ದಿನ ಕಾಣಲಿಲ್ಲ. ಜಗಳೂರಿನ ಆಟಕ್ಕೆ ಅಲ್ಲಿಂದಲೇ ಬಸ್ಸಿಳಿದು ಬಂದ. ಕೆನ್ನೆಯಲ್ಲಿ ಆಗಲೇ ಗುಳಿಗಳಿದ್ದವು. ನನಗಿಂತ ಚೆನ್ನಾಗಿ ಯಾರೋ ಹಚ್ಚಿದ್ದಾರೆಂದು ಸಿಟ್ಟು ಬಂತು. ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿದೆ. ಹತ್ತಿ ಬೆಳ್ಳಗೇ ಉಳಿಯಿತು.

"ಉಜ್ಜಬ್ಯಾಡೋ. ಅವು ನನ್ನವೇ" ಅಂದ.

ಕ್ಷಯವೇ ಆಗಿತ್ತು. ಇಂಜೆಕ್ಷನ್ ನಡೆಯುತ್ತಿತ್ತು. ನಾಟಕದ ಹೆಸರೆತ್ತಬೇಡ ಎಂದಿದ್ದರಂತೆ ಡಾಕ್ಟರು. ಮನೆಯಲ್ಲಿ ಹೇಳಿದಾಗ ತಾಯಿ, ಮೊದಲು ಮುಖ ತೊಳ್ಕೊಂಡು ಬಾ ಎಂದರಂತೆ.

ಆಟ ನಿಲ್ಲಿಸೋಣ ಎಂದೆ. ಅವನು ಕೇಳಲಿಲ್ಲ. ನಾನು ಪೆಟ್ಟಿಗೆ ತೆರೆಯಲಿಲ್ಲ.

ಅವತ್ತು ಅವನು ಕೆಮ್ಮಿದಾಗ ಯಾರೂ ನಗಲಿಲ್ಲ. ಸತ್ತಾಗ ಗಂಡಸರೂ ಟವಲ್ಲಿನಿಂದ ಕಣ್ಣು ಒರೆಸಿಕೊಂಡರು. ಹೆಣ ಕಣ್ಣು ತೆರೆಯಲಿಲ್ಲ. ಪರದೆ ಬಿದ್ದ ಮೇಲೂ ತೆರೆಯಲಿಲ್ಲ. ನಾನು ಓಡಿಹೋಗಿ ಭುಜ ಅಲುಗಾಡಿಸಿದೆ. ಬಹಳ ಹೊತ್ತಿನ ಮೇಲೆ ಒಂದು ಕಣ್ಣು ಬಿಟ್ಟ.

"ಜನ ಅತ್ರೇನೋ?"

ಎಲ್ಲರೂ ಎಂದೆ. ಅಷ್ಟರಲ್ಲಿ ಊರಿನ ಹಿರಿಯರೊಬ್ಬರು ಹಾರ ಹಿಡಿದು ರಂಗದ ಮೇಲೆ ಬಂದರು. ಅವನು ಮೊಣಕೈ ಊರಿ ಏಳಲು ನೋಡಿದ. ಹಿರಿಯರು ಅವನನ್ನು ದಾಟಿ ಬಂದು ಹಾರ ನನ್ನ ಕೊರಳಿಗೆ ಹಾಕಿದರು.

"ಬಣ್ಣ ಅಂದ್ರೆ ಇದು ನೋಡ್ರಿ" ಅಂದರು.

ಅವನು ಮತ್ತೆ ಮಲಗಿಕೊಂಡ. ಕೆಮ್ಮು ನಿಂತ ಮೇಲೆ ಹೇಳಿದ:

"ಕೆನ್ನೆ ನಂದು, ಹಾರ ಇವನಿಗೆ."