ಹುಲ್ಲಿನ ಪೆಟ್ಟಿಗೆಯ ಸ್ಟ್ಯೂ

ಬೆಂಕಿ ಇಲ್ಲದೆ ಅಡಿಗೆ ಮಾಡುತ್ತೇನೆ ಎಂದ ಗಂಡಸಿಗೆ ನಗೆಪಾಟಲು ತಪ್ಪಿದ್ದಲ್ಲ. ಯುದ್ಧದ ಕಾಲ. ಪುಣೆ ಕ್ಯಾಂಪಿನಲ್ಲಿ ಇದ್ದಿಲು ತುಟ್ಟಿ. ನಾವು ಧಾರವಾಡ ಕಡೆಯ ಕ್ರೈಸ್ತರು, ಭಾನುವಾರ ದನದ ಮಾಂಸದ ಸ್ಟ್ಯೂ ಆಗಲೇಬೇಕು. ಅಗ್ಗಕ್ಕೆ ಸಿಗುವುದು ಕಾಲಿನ ಗಟ್ಟಿ ಮಾಂಸ, ಅದು ಬೇಗ ಬೇಯುವ ಪೈಕಿಯಲ್ಲ. ಆಫೀಸಿನ ಸಾಹೇಬರು ಉಪಾಯ ಹೇಳಿದರು: ಮಾಂಸ, ಬಟಾಟಿ, ಗಜ್ಜರಿ ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಒಣಹುಲ್ಲಿನ ಪೆಟ್ಟಿಗೆಯಲ್ಲಿ ಹುಗಿದು ಮುಚ್ಚಿಬಿಡು, ನಡುವೆ ತೆಗೆಯಬೇಡ, ತನ್ನ ಕಾವಿಗೆ ತಾನೇ ಬೇಯುತ್ತದೆ.

೧. ಹುಲ್ಲು

ಓಣಿಯ ಟಾಂಗಾದವನಿಗೆ ಹುಲ್ಲು ಕೇಳಿದೆ.

"ಕುದುರಿ ಯಾವಾಗ ತಗೊಂಡ್ರಿ ಸಾಹೇಬ್ರ?"

"ಕುದುರೆಗಲ್ಲಪಾ, ಅಡಿಗೆಗೆ."

ಅವನು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ದುಡ್ಡು ಮುಟ್ಟಲಿಲ್ಲ. ಮೇಲೆ ಇನ್ನೊಂದು ಹೊರೆ ಕೊಟ್ಟು, "ಮನ್ಯಾಗ ಹುಡುಗ್ರೂ ಅದಾವಲ್ರಿ" ಎಂದ.

೨. ಮುಚ್ಚಳ

ಮೊದಲ ಭಾನುವಾರ ಪಾತ್ರೆ ಹುಗಿದು ನಾನು, ಹೆಂಡತಿ ಚರ್ಚಿಗೆ ಹೋದೆವು. ಮಂಡಿನೋವೆಂದು ಅವ್ವ ಮನೆಯಲ್ಲೇ ಉಳಿದಳು. ಬಂದು ನೋಡಿದರೆ ಮಾಂಸ ಚಪ್ಪಲಿಯ ಅಟ್ಟೆ.

"ಮುಚ್ಚಳ ತೆಗೆದಿದ್ದೇನವ್ವಾ?"

"ತೆಗೀದ ಏನ್ ಮಾಡ್ಲಿ? ಹೊಗಿ ಇಲ್ಲ, ಸಪ್ಪಳ ಇಲ್ಲ. ಬೇಯಲಿಕ್ಕತ್ತದ ಅಂತ ಹೆಂಗ ತಿಳೀಬೇಕು? ಆಗಾಗ ಬಟ್ಟು ಹಾಕಿ ನೋಡಿದೆ."

ನನಗೆ ಸಿಟ್ಟು ಬಂತು. ಅವ್ವನಿಗೆ ನನಗಿಂತ ಹೆಚ್ಚು ಬಂತು. "ಮುಂದಿನ ವಾರ ಪಾದ್ರಿಗಳು ಊಟಕ್ಕ ಬರ್ತಾರ. ಆವತ್ತೂ ಹಿಂಗಾದ್ರ ಪೆಟ್ಟಿಗಿ ಒಡದು ಒಲಿಗೆ ಹಾಕ್ತೀನಿ."

ಹೆಂಡತಿ ತಣ್ಣಗೆ ಅಂದಳು: "ಹಂಗರ ಮಾಂಸ ಬೆಂದೀತು."

೩. ಪಾದ್ರಿಗಳು

ಆ ಭಾನುವಾರ ಪೆಟ್ಟಿಗೆಯ ಹಣೆಬರಹ ಬರೆಯುವ ದಿನ. ರಾತ್ರಿಯ ಊಟಕ್ಕೆ ಕರೆದಿದ್ದ ಪಾದ್ರಿಗಳು ಮಧ್ಯಾಹ್ನವೇ ಬಂದರು. ಭಾರೀ ಆಳು. ಅವ್ವ ಮುಚ್ಚಳಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಬಂದವರೇ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

"ಖುರ್ಚಿ ಅದರಿ ಅಯ್ಯಾರ," ಎಂದಳು ಅವ್ವ.

"ಬ್ಯಾಡ್ರಿ ಅವ್ವಾರ. ಥಂಡಿ ಭಾಳ ಅದ, ಇದು ಬೆಚ್ಚಗದ. ನಡಕ್ಕ ಹಿತ ಆಗತದ."

ಪಾದ್ರಿಗಳಿಗೆ ಏಳಿ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಅವರು ಊರ ಸುದ್ದಿಯನ್ನೆಲ್ಲ ಹೇಳುತ್ತ ದೀಪ ಹಚ್ಚುವವರೆಗೆ ಕೂತರು. ಅವ್ವ ಎದುರಿಗೆ ಕೂತು ಕೈ ಹಿಸುಕಿಕೊಂಡಳು. ಕೊನೆಗೆ ಪಾದ್ರಿಗಳೇ ಕೇಳಿದರು: "ಅಡಿಗಿ ವಾಸನಿನ ಬರವಲ್ದಲ್ರಿ ಅವ್ವಾರ?"

"ನೀವು ಎದ್ರ ಬರತದ್ರಿ."

ಎದ್ದರು. ಮುಚ್ಚಳ ತೆಗೆದೆವು. ಮಾಂಸ ಚಮಚ ತಾಗಿದರೆ ಬಿಡಿಬಿಡಿಯಾಗುವ ಹಾಗೆ ಬೆಂದಿತ್ತು. ಪಾದ್ರಿಗಳು ಮತ್ತೆ ಮತ್ತೆ ಹಾಕಿಸಿಕೊಂಡರು. ಪೆಟ್ಟಿಗೆ ಉಳಿಯಿತು, ನಾನು ಗೆದ್ದೆ ಎಂದುಕೊಂಡೆ.

ಮುಂದಿನ ಭಾನುವಾರ ಪಾತ್ರೆ ಹುಗಿದು ಮುಚ್ಚಳ ಹಾಕುತ್ತಿದ್ದೆ. ಅವ್ವ ಸೆರಗು ಸರಿಮಾಡಿಕೊಂಡು ಹೊರಟಳು.

"ಎಲ್ಲಿಗವ್ವಾ?"

"ಪಾದ್ರಿಗಳನ್ನ ಕರಕೊಂಡು ಬರ್ತೀನಿ. ಅವರು ಮ್ಯಾಲ ಕೂಡಲಿಲ್ಲಂದ್ರ ಅದು ಬೇಯೂದಿಲ್ಲ."