ಆಮೆಯನ್ನು ಹಿಂದಿಕ್ಕುವ ಮಾನಿಟರು

ಸ್ಕೇಲಪ್ಪನಿಗೆ ಸೋಲು ಹೊಸದಲ್ಲ. ಆದರೆ ಆಮೆಯೆದುರು ಸೋಲುವುದನ್ನು ಮಾತ್ರ ಅವನಿಂದ ಸಹಿಸಲಾಗುತ್ತಿರಲಿಲ್ಲ.

ಮನೆಗಳ ನಕ್ಷೆ ಬರೆದು ಬದುಕುವ ಅವನಿಗೆ ಈ ಹೆಸರಿಟ್ಟವರು ಅಕ್ಕಪಕ್ಕದವರು. ಕಿವಿಯ ಹಿಂದೆ ಪೆನ್ಸಿಲು, ಜೇಬಿನಲ್ಲಿ ಸ್ಕೇಲು ಇಲ್ಲದೆ ಆತ ಹಾಲು ತರಲೂ ಹೋದವನಲ್ಲ. ಹಗಲೆಲ್ಲ ಕಂಪ್ಯೂಟರಿನಲ್ಲಿ ಗೋಡೆ, ಬಾಗಿಲು ಎಳೆಯುವುದು. ಸಂಜೆ ಅದೇ ಕಂಪ್ಯೂಟರಿನಲ್ಲಿ, ಹೊರಗಿನವರಿಗೆ ಗೊತ್ತಾಗದಂತೆ, ಕಾರು ಓಡಿಸುವ ಆಟ. ಆಟದಲ್ಲಿ ಅವನ ಹೆಸರು ‘ನೇರಗೆರೆ’. ಕೊನೆಯ ತಿರುವಿನಲ್ಲಿ ತಪ್ಪದೆ ಅವನನ್ನು ಹಿಂದಿಕ್ಕುವ, ಮುಖ ಕಾಣದ ಎದುರಾಳಿಯ ಹೆಸರು ‘ಆಮೆ’. ಗೆದ್ದ ಮೇಲೆ ಸುಮ್ಮನಿರಬಾರದೆ? ಪ್ರತಿ ಸಲ ಒಂದೇ ಸಂದೇಶ: ‘ಬೆನ್ನು ನೆಟ್ಟಗಿಡು. ಮಣಿಕಟ್ಟು ಸಡಿಲ ಬಿಡು.’ ಗಾಯಕ್ಕೆ ಉಪ್ಪು ಸವರಿ, ಸಾಲದೆಂದು ನಿಂಬೆಹಣ್ಣನ್ನೂ ಹಿಂಡಿದ ಹಾಗೆ.

ಆ ಭಾನುವಾರ ಸಂಜೆ ವರ್ಷದ ಕೊನೆಯ ರೇಸು. ಬೆಳಿಗ್ಗೆ ಟೀ ಕುಡಿಯುತ್ತಾ ಸ್ಕೇಲಪ್ಪ ತೀರ್ಪು ಕೊಟ್ಟ. “ತಪ್ಪು ನಂದಲ್ಲ, ಮಾನಿಟರ್ದು. ತಿರುವು ನಂಗೆ ಕಾಣೋ ಹೊತ್ತಿಗೆ ಆಮೆ ದಾಟಿ ಹೋಗಿರುತ್ತೆ.”

“ಹೊಸದು ತಂದೂ ಸೋತ್ರೆ?” ಪತ್ರಿಕೆಯಿಂದ ತಲೆಯೆತ್ತದೆ ಕೇಳಿದಳು ಹೆಂಡತಿ.

“ಸೋತ್ರೆ ಆಟಕ್ಕೇ ಕೈ ಮುಗಿದೆ. ನೀನು ಹೇಳೋ ಹಾಗೆ ದಿನಾ ಸಂಜೆ ವಾಕಿಂಗ್ ಬರ್ತೀನಿ.”

ಹೆಂಡತಿ ಪತ್ರಿಕೆ ಮಡಚಿದಳು. ಮದುವೆಯಾದಾಗಿನಿಂದ ಅವಳು ಕೇಳುತ್ತಿದ್ದುದು ಅದೊಂದನ್ನೇ. “ಕೂತಿದೀರಲ್ಲ ಇನ್ನೂ. ಅಂಗಡಿ ತೆಗೆದಿರುತ್ತೆ, ಏಳಿ.”

ಅಷ್ಟರಲ್ಲಿ ಅವಳ ತಮ್ಮ ಹಾಜರಾದ. “ಭಾವ, ನಿಮ್ದು ಅರವತ್ತು ಹರ್ಟ್ಸು. ಸೆಕೆಂಡಿಗೆ ಅರವತ್ತು ಚಿತ್ರ ಅಷ್ಟೇ. ಆಮೆ ಹತ್ರ ಇನ್ನೂರ ನಲವತ್ತು ಇರ್ಲೇಬೇಕು. ಅದು ಆಮೆ ಅಲ್ಲ ಭಾವ, ಚಿರತೆ.”

ಮೆಟ್ಟಿಲಲ್ಲಿ ಸಿಕ್ಕವರು ಮೇಲಿನ ಮನೆಯ ಕನ್ನಡಕದಂಗಡಿಯವರು. ‘ಕೆಲಸಕ್ಕೆ ಹೊಸ ಮಾನಿಟರು’ ಎಂದು ಸ್ಕೇಲಪ್ಪ ಹಲ್ಲು ಕಿರಿದ. ಅವರು ನಂಬಿದರು, ಅದೇ ಕಷ್ಟವಾಯಿತು. “ಚಪ್ಪಟೆ ಪರದೇನೇ ತಗೋ. ಯಾವ ಕಡೆಯಿಂದ ನೋಡಿದ್ರೂ ಬಣ್ಣ ಕೆಡಬಾರದು, ಗೆರೆ ಚೂಪಾಗಿರ್ಬೇಕು. ಇರೋದು ಒಂದೇ ಜೊತೆ ಕಣ್ಣು. ತಡಿ, ನಾನೂ ಬರ್ತೀನಿ,” ಎಂದು ತಮ್ಮ ಅಂಗಡಿಯ ಕಾರ್ಡು ಕೈಗಿಟ್ಟು ಚಪ್ಪಲಿ ಮೆಟ್ಟಿದರು.

ಪಕ್ಕದ ಮನೆಯ ಟೈಪಿಂಗ್ ಟೀಚರು ಮಾತ್ರ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದರು. ನಿವೃತ್ತರಾಗಿ ಬಹಳ ಕಾಲವಾದ, ಯಾರ ತಂಟೆಗೂ ಹೋಗದ ಹಿರಿಯರು. “ಹಳೇದನ್ನ ಏನ್ ಮಾಡ್ತೀಯಪ್ಪ? ನನ್ನ ಕಂಪ್ಯೂಟರಿನ ಪರದೆ ಸತ್ತೋಯ್ತು. ಫೋನಲ್ಲೇ ನೋಡಿ ನೋಡಿ ಕತ್ತು ಹಿಡ್ಕೊಂಡಿದೆ.”

ಸಲಹೆ ಕೊಡದವರು ಒಬ್ಬರಾದರೂ ಸಿಕ್ಕರಲ್ಲ ಎಂಬ ಸಂತೋಷಕ್ಕೆ ಸ್ಕೇಲಪ್ಪ ಆಗಲೇ ಹಳೆಯದನ್ನು ಹೊತ್ತುಕೊಂಡು ಹೋಗಿ, ಅವರ ಕಂಪ್ಯೂಟರಿಗೆ ಜೋಡಿಸಿ, ಗಾಜು ಒರೆಸಿಯೂ ಕೊಟ್ಟು ಬಂದ.

ಅಂಗಡಿಯಲ್ಲಿ ಎಡಗಿವಿಗೆ ಭಾವಮೈದುನನ ಹರ್ಟ್ಸು, ಬಲಗಿವಿಗೆ ಕನ್ನಡಕದವರ ಕಣ್ಣು. ಅವನ ತಲೆ ಗಾಳಿಗೆ ಸಿಕ್ಕ ಬಾಗಿಲಿನಂತೆ ಆ ಕಡೆ ಈ ಕಡೆ ಬಡಿದುಕೊಂಡಿತು.

“ಸಾರ್, ಚಪ್ಪಟೆನೂ ಆಗಿ ವೇಗಾನೂ ಇರೋದು ಒಂದಿದೆ,” ಎಂದ ಅಂಗಡಿಯವನು. “ಬುಧವಾರ ಬರುತ್ತೆ.”

“ಬುಧವಾರ ಆಗಲ್ಲ. ಇವತ್ತು ಸಂಜೆಗೇ ಬೇಕು.”

“ಭಾನುವಾರ ಸಂಜೆ ಯಾರಪ್ಪ ಮನೆ ಕಟ್ಟಿಸೋದು?” ಎಂದರು ಕನ್ನಡಕದವರು.

ಉಳಿದದ್ದು ಎರಡು. ಒಂದು ಚಪ್ಪಟೆ, ಅಕ್ಷರಗಳು ಮುತ್ತಿನಂತೆ, ಆದರೆ ಹಳೆಯದರಷ್ಟೇ ನಿಧಾನ. ಇನ್ನೊಂದು ಬಿಲ್ಲಿನಂತೆ ಬಾಗಿದ್ದು, ಮಿಂಚಿನ ವೇಗ. ಪಕ್ಕದಿಂದ ನೋಡಿದರೆ ಬಣ್ಣಗಳು ಮುನಿಸಿಕೊಂಡ ನೆಂಟರಂತೆ ಮಂಕಾಗುತ್ತಿದ್ದವು. ಬದುಕಿಡೀ ನೇರ ಗೆರೆ ಎಳೆದ ಸ್ಕೇಲಪ್ಪ ಬಾಗಿದ್ದರ ಮೇಲೆ ಕೈಯಿಟ್ಟ. “ಇದ್ರಲ್ಲಿ... ಮನೆಯೊಳಗೇ ಕೂತ ಹಾಗಿರುತ್ತೆ,” ಎಂದು ತೊದಲಿದ. ಕನ್ನಡಕದವರು ಇನ್ನೊಂದು ಕಾರ್ಡು ಕೊಟ್ಟರು.

ಮನೆಗೆ ತಂದು ಜೋಡಿಸುವಷ್ಟರಲ್ಲಿ ಬೇಕರಿಯ ಯಜಮಾನರು ತಮ್ಮ ಹೊಸ ಮನೆಯ ನಕ್ಷೆ ನೋಡಲು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಬಹಳ ಹೊತ್ತು ನೋಡಿ, “ಗೋಡೆ ಯಾಕೆ ಹೊಟ್ಟೆ ಬಿಟ್ಟಿದೆ?” ಎಂದರು.

“ಗೋಡೆ ನೆಟ್ಟಗೇ ಇದೆ ಸಾರ್. ಪರದೆ ಬಾಗಿದೆ. ನನ್ನ ಕುರ್ಚೀಲಿ ಕೂತು ನೋಡಿ, ಸರಿ ಕಾಣುತ್ತೆ.”

“ನಾಳೆ ಮನೆಗೆ ಬಂದೋರನ್ನೆಲ್ಲ ನಿಮ್ ಕುರ್ಚೀಲಿ ಕೂರಿಸಿ ತೋರಿಸ್ಲಾ?” ಎನ್ನುತ್ತಾ ಯಜಮಾನರು ಎದ್ದರು. ಬೇರೆಯವರ ಹತ್ತಿರವೂ ಒಂದು ನಕ್ಷೆ ಬರೆಸಿ ನೋಡುವುದಾಗಿ ಬಾಗಿಲಲ್ಲಿ ಹೇಳಿ ಹೋದರು.

ಸ್ಕೇಲಪ್ಪನಿಗೆ ಅದು ಅರ್ಧ ಕಿವಿಗೂ ಬೀಳಲಿಲ್ಲ. ರೇಸಿಗೆ ಹೊತ್ತಾಗಿತ್ತು. ಭಾವಮೈದುನ ಭುಜ ಒತ್ತಿದ. ಹೆಂಡತಿ ಗಂಡನ ಬೂಟು ಒರೆಸಿ ಬಾಗಿಲ ಬಳಿ ಜೋಡಿಸಿದಳು.

ಪರದೆಯೇನೋ ಸುಳ್ಳಾಡಲಿಲ್ಲ. ರಸ್ತೆ ಬೆಣ್ಣೆಯಂತೆ ಜಾರಿತು. ನೇರಗೆರೆ ಎಲ್ಲರನ್ನೂ ದಾಟಿ ಮುಂದೆ ಬಂದ. ಕೊನೆಯ ತಿರುವು ಬಂತು. ಹಿಂದಿನಿಂದ ಒಂದು ಹಸಿರು ಕಾರು ನಿರಾಳವಾಗಿ ಪಕ್ಕಕ್ಕೆ ಬಂದು, ಹಾದು, ಕಣ್ಮರೆಯಾಗುವಷ್ಟು ದೂರ ಹೋಯಿತು. ಇಷ್ಟು ದಿನ ಮಸುಕು ಮಸುಕಾಗಿ ಸೋಲುತ್ತಿದ್ದವನು ಈ ಸಲ ಕನ್ನಡಿಯಷ್ಟು ಸ್ಪಷ್ಟವಾಗಿ ಸೋತ.

‘ಬೆನ್ನು ನೆಟ್ಟಗಿಡು. ಮಣಿಕಟ್ಟು ಸಡಿಲ ಬಿಡು.’

“ಕೇಬಲ್ ಸರಿ ಇಲ್ಲ ಅನ್ಸುತ್ತೆ ಭಾವ,” ಎಂದ ಭಾವಮೈದುನ. ಹೆಂಡತಿ ಬೂಟು ತೋರಿಸಿದಳು.

ಆಗ ಕರೆಗಂಟೆ ಸದ್ದಾಯಿತು. ಟೈಪಿಂಗ್ ಟೀಚರು. ಮುಖ ಹೊಸ ಬಲ್ಬಿನಂತೆ ಬೆಳಗುತ್ತಿತ್ತು.

“ನಿನ್ನಿಂದ ದೊಡ್ಡ ಉಪಕಾರ ಆಯ್ತಪ್ಪ. ಇಷ್ಟು ದಿನ ಅಂಗೈಯಗಲದ ಫೋನಲ್ಲಿ ಹೇಗೋ ಕೂದಲೆಳೆಯಲ್ಲಿ ಗೆಲ್ತಿದ್ದೆ. ಇವತ್ತು ನಿನ್ನ ಪರದೇಲಿ ರಸ್ತೆಯೆಲ್ಲ ಕಂಡಿತು ನೋಡು, ಹಿಂದೆ ಒಂದು ನರಪಿಳ್ಳೆ ಇಲ್ಲ.”

“ಏನ್... ಏನ್ ಗೆದ್ರಿ?”

“ಕಾರ್ ರೇಸು. ಯಾರಿಗೂ ಹೇಳ್ಬೇಡ, ಈ ವಯಸ್ಸಲ್ಲಿ ಇದೇನು ಅಂತ ನಗ್ತಾರೆ. ಅದರಲ್ಲಿ ‘ನೇರಗೆರೆ’ ಅಂತ ಒಬ್ಬ ಇದಾನೆ, ಪಾಪ, ಯಾವುದೋ ಚಿಕ್ಕ ಹುಡುಗ ಇರ್ಬೇಕು. ತಿರುವು ಬಂದ್ರೆ ಸಾಕು, ಗಾಬರಿಬಿದ್ದು ಕೈ ಬಿಗಿ ಮಾಡ್ತಾನೆ. ನನ್ನ ಕ್ಲಾಸಲ್ಲಿ ಅಂಥವ್ರನ್ನ ಎಷ್ಟು ನೋಡಿಲ್ಲ. ಅದಕ್ಕೇ ಪ್ರತಿ ಸಲ ಬುದ್ಧಿ ಹೇಳ್ತೀನಿ, ಕೇಳಲ್ಲ.”

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭಾವಮೈದುನ ಗೋಡೆ ನೋಡತೊಡಗಿದ. ಸ್ಕೇಲಪ್ಪ ಕುಕ್ಕರಿಸಿ ಬೂಟಿನ ಲೇಸು ಕಟ್ಟಿದ.

“ವಾಕಿಂಗಾ?” ಎಂದರು ಟೀಚರು. “ತಡೀರಿ, ನಾನೂ ಬರ್ತೀನಿ.”

ಗಂಡ, ಹೆಂಡತಿ, ಟೀಚರು ಮೂವರೂ ಹೊರಟರು. ಬೀದಿಯ ಕೊನೆಯ ತಿರುವಿನಲ್ಲಿ ಟೀಚರು ಸ್ಕೇಲಪ್ಪನನ್ನು ದಾಟಿ ಮುಂದೆ ಹೋದರು. ಹೋಗುತ್ತಾ ಒಮ್ಮೆ ತಿರುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಬೆನ್ನು ನೆಟ್ಟಗಿಡಪ್ಪ,” ಎಂದರು.