ಪೀಣ್ಯದ ಹವಾ ಯಂತ್ರಕ್ಕೆ, ಕಾದ ಟೈರಿನ ವಿಚಾರವಾಗಿ

ತುಮಕೂರು ರಸ್ತೆಯ ಪೆಟ್ರೋಲ್ ಬಂಕಿನ ಮೂಲೆಯಲ್ಲಿ, ಶೌಚಾಲಯದ ಗೋಡೆಗೆ ಒರಗಿ ಹಗಲಿರುಳು ಉಚಿತ ಸೇವೆ ಸಲ್ಲಿಸುತ್ತಿರುವ ಮಾನ್ಯ ಹವಾ ಯಂತ್ರದವರಿಗೆ ರಾಜಗೋಪಾಲನಗರದ ದ್ಯಾಮಣ್ಣನ ಶರಣು ಶರಣಾರ್ಥಿಗಳು.

ಮಾನ್ಯರೇ, ಮೊದಲು ಲುಕ್ಸಾನಿನ ಲೆಕ್ಕ ಒಪ್ಪಿಸಿಬಿಡುತ್ತೇನೆ: ಹಿಂದಿನ ಎಡಗಡೆಯ ಒಂದು ಟೈರು, ಒಂದು ಮುಹೂರ್ತ, ಮತ್ತು ಪೀಣ್ಯದಲ್ಲಿ ಲೇತ್ ನಡೆಸಿ ನಾನು ಸಂಪಾದಿಸಿದ 'ಯಂತ್ರ ಬಲ್ಲವನು' ಎಂಬ ಬಿರುದು.

ನನ್ನ ಹೆಂಡತಿ ಚನ್ನಕ್ಕನಿಗೆ ಸೊಂಟನೋವು. ಕೂತು ದೂರ ಹೋಗಕೂಡದೆಂದು ವೈದ್ಯರ ಅಪ್ಪಣೆ. ಆದರೆ ಇಳಕಲ್ಲಿನಲ್ಲಿ ಅವಳ ತಮ್ಮ ಬಸಲಿಂಗನಿಗೆ ಬಹಳ ವರ್ಷಕ್ಕೆ ಮಗಳು ಹುಟ್ಟಿದ್ದಾಳೆ. ತೊಟ್ಟಿಲ ಕಾರ್ಯದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಕೂಗಿ, ಸುತ್ತ ನಿಂತ ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುವ ಹಕ್ಕು ಸೋದರತ್ತೆಯದು. ಅದನ್ನು ಬಿಟ್ಟುಕೊಡುವವಳಲ್ಲ ಇವಳು. ಹಾಗಾಗಿ ಮಲಗಿಕೊಂಡೇ ಹೋಗಲೆಂದು, ಮಂಚ, ಒಲೆ, ನೀರಿನ ಟ್ಯಾಂಕು ಎಲ್ಲ ಒಳಗೇ ಇರುವ ಮನೆಗಾಡಿಯೊಂದನ್ನು ಪಟ್ಟಂದೂರು ಅಗ್ರಹಾರದಿಂದ ಬಾಡಿಗೆಗೆ ತಂದೆ.

ಅಲ್ಲಿಂದ ಪೀಣ್ಯದವರೆಗೆ ಏಪ್ರಿಲ್ ಬಿಸಿಲಲ್ಲಿ ಬ್ರೇಕು ತುಳಿಯುತ್ತಲೇ ಬಂದೆನಾಗಿ, ತಮ್ಮ ಸನ್ನಿಧಿ ಸೇರುವಷ್ಟರಲ್ಲಿ ಟೈರುಗಳು ಕಾದ ಹೆಂಚಾಗಿದ್ದವು. ಕಾದ ಟೈರಿನ ಗಾಳಿ ಉಬ್ಬಿ ಇಲ್ಲದ ದೊಡ್ಡಸ್ತಿಕೆ ತೋರಿಸುತ್ತದೆಂದು ತಮ್ಮಂಥ ತಜ್ಞರಿಗೆ ತಿಳಿಯದ್ದೇನಲ್ಲ. ಆದರೂ ನಾನು ಅರವತ್ತೈದು ಪೌಂಡೆಂದು ಒತ್ತಿದ ಕೂಡಲೇ, ಎಪ್ಪತ್ತೆರಡು ಇದ್ದದ್ದನ್ನು ಬುಸ್ಸೆಂದು ಇಳಿಸಿ, ಮರುಮಾತಿಲ್ಲದೆ ಪೀಂ ಎಂದಿರಿ. ಇಂಥ ವಿಧೇಯ ಕೆಲಸಗಾರ ನನ್ನ ಶೆಡ್ಡಿನಲ್ಲಿ ಒಬ್ಬನೂ ಇಲ್ಲ.

ರಾತ್ರಿ ಟೈರು ತಣಿದು, ಗಾಳಿ ಮತ್ತಷ್ಟು ಕುಗ್ಗಿತ್ತು. ಅದರ ಮೇಲೆ ತುಂಬಿದ ಟ್ಯಾಂಕನ್ನೂ, ಕೂಸಿಗೆಂದು ನಾನೇ ಬೆಸುಗೆ ಹಾಕಿದ ಕಬ್ಬಿಣದ ತೊಟ್ಟಿಲನ್ನೂ ಹೇರಿಕೊಂಡು ನಸುಕಿನಲ್ಲಿ ಹೊರಟೆವು. ಶಿರಾ ದಾಟುತ್ತಲೇ ಟೈರು ಸಿಡಿಯಿತು. "ನಿನ್ನೆ ಗಾಳಿ ನೋಡೇನಿ ಅಂದ್ರಿ. ನೋಡಿದವ್ರು ಯಾರು, ನೀವೋ ಆ ಮಿಷನ್ನೋ?" ಎಂದಳು ಚನ್ನಕ್ಕ ಮಂಚದಿಂದಲೇ. ಜಾಕಿ ಎಲ್ಲಿದೆಯೆಂಬ ಸೂಚನೆ ಹುಡುಕುತ್ತ, ಹೊರಡುವಾಗ ಪೂಜೆಗೆಂದು ಬಾಗಿಲ ಪಕ್ಕದ ಸೂಚನಾ ಚೀಟಿಯ ಮೇಲೆಯೇ ಬಳಿದಿದ್ದ ಮೂರು ಬೆರಳ ವಿಭೂತಿ ಒರೆಸಿದೆ. ಅಡಿಯಲ್ಲಿ ಬರೆದಿತ್ತು: ಟೈರು ತಣ್ಣಗಿದ್ದಾಗ ಮಾತ್ರ ಗಾಳಿ ನೋಡಿ.

ಈ ಊರಿನಲ್ಲಿ ತಣ್ಣನೆಯ ಟೈರಿನೊಡನೆ ತಮ್ಮನ್ನು ಕಾಣುವುದು ಯಾರಿಂದಲೂ ಆಗದ ಮಾತು. ಆದ್ದರಿಂದ ತಾವೇ ದಯಮಾಡಿ ದಿನಾ ನಸುಕಿನಲ್ಲಿ ನಮ್ಮ ಓಣಿಗೆ ಬಂದು ಹೋಗಬೇಕು. ಅದಾಗದಿದ್ದರೆ ಟೈರಿನ ಮೇಲೆ ಅಂಗೈಯಿಟ್ಟು ಜ್ವರ ನೋಡಿ, "ಆರ್ಲಿ ಬಿಡಿ ಸಾರ್" ಎಂದಾದರೂ ಗದರಬೇಕು.

ಬೇರೆ ಟೈರಿಗೆ ಕಾಯುತ್ತಲೇ ಮಧ್ಯಾಹ್ನವಾಯಿತು, ಮುಹೂರ್ತ ನಮಗಾಗಿ ಕಾಯಲಿಲ್ಲ. ಕೂಸು ಪಕ್ಕದ ಮನೆಯವರ ತೊಟ್ಟಿಲಲ್ಲಿ ಮಲಗಿತು. ಬಸಲಿಂಗ ಅದರ ಕಿವಿಗೆ ಫೋನು ಹಿಡಿದ. ಚನ್ನಕ್ಕ ಪಂಕ್ಚರ್ ಅಂಗಡಿಯೆದುರು, ಗಾಡಿಯೊಳಗೆ ಮಲಗಿಯೇ ವಾಡಿಕೆಯಂತೆ ಮೊದಲು ಕುರ್ರ್ ಎಂದು, ಆಮೇಲೆ ಭುವನೇಶ್ವರಿ ಎಂದು ಕೂಗಿದಳು. ಗುದ್ದಲು ಎತ್ತಿದ ಹೆಂಗಸರ ಕೈಗಳಿಗೆ ಅಲ್ಲಿ ಬೆನ್ನೇ ಇರಲಿಲ್ಲ.

ತಮ್ಮ 'ಪೀಂ' ಎಂಬ ಮಾತನ್ನು ನಂಬಿ ಕೆಟ್ಟ, ಆದರೂ ತಮ್ಮ ವಿಶ್ವಾಸಿ,
ದ್ಯಾಮಣ್ಣ

ವಿ.ಸೂ.: ಸಂಜೆ ಇಳಕಲ್ ಸೇರಿದಾಗ, ಬಾಕಿ ಗುದ್ದುಗಳನ್ನು ಸೊಂಟ ನೋಯುವವಳಿಗೆ ಹಾಕುವುದು ಧರ್ಮವಲ್ಲವೆಂದು ಹೆಂಗಸರೆಲ್ಲ ಸೇರಿ ನನ್ನ ಬೆನ್ನಿಗೆ ಚುಕ್ತಾ ಮಾಡಿದರು, "ಇನ್ನೊಂದು ಹಾಕ್ರಿ" ಎಂದವಳು ಚನ್ನಕ್ಕ. ಅಲ್ಲಿಗೆ ಕೂಸಿಗೆ ಹೆಸರು, ಚನ್ನಕ್ಕನಿಗೆ ಅವಳ ಹಕ್ಕು, ಪಂಕ್ಚರ್ ಅಂಗಡಿಯವನಿಗೆ ವ್ಯಾಪಾರ, ನನಗೆ ಗುದ್ದು, ತಮಗೆ ನನ್ನ ಗಾಳಿ.